ತುದಿಯಲ್ಲೇ ಇದೆ ಬೂಷ್ಟಿನ ಬುದ್ಧಿ

"ರೋಗ ಕಾಣಿಸಿದ ಮೇಲೆ ಔಷಧಿ ಹೊಡೆದರೆ ಸಾಲದಾ? ಏನೂ ಇಲ್ಲದಾಗಲೇ ಯಾಕೆ ದುಡ್ಡು ಸುರಿಯಬೇಕು?"

ಮೇ ತಿಂಗಳು ಬಂತೆಂದರೆ ಈ ಪ್ರಶ್ನೆ ಮದುವೆ ಮನೆಯ ಚಪ್ಪರದಲ್ಲೋ ಸೊಸೈಟಿ ಜಗಲಿಯಲ್ಲೋ ಕೇಳಿ ಬಂದೇ ಬರುತ್ತದೆ. ಕೇಳುವವರದ್ದು ತಪ್ಪಲ್ಲ. ಮೈಲುತುತ್ತಿನ ಕ್ರಯ ನೋಡಿದರೆ ಯಾರಿಗಾದರೂ ಹಾಗೆ ಅನಿಸಬಹುದು. ಮರ ಹತ್ತುವವರು ಸಿಗುವುದೇ ಕಷ್ಟ, ಸಿಕ್ಕಿದರೂ ಅವರ ಮಜೂರಿ ಕಡಿಮೆಯೇನಲ್ಲ. "ಮುಂಜಾಗ್ರತೆ ಒಳ್ಳೆಯದು" ಅಂತ ಹೇಳಿಬಿಟ್ಟರೆ ಅದು ಉತ್ತರ ಆಗುವುದಿಲ್ಲ. ಯಾಕೆ ಒಳ್ಳೆಯದು ಅಂತ ಹೇಳಬೇಕಲ್ಲ?

ನಾನು ಅಡಿಕೆ, ಜತೆಗೆ ಒಂದಿಷ್ಟು ಗದ್ದೆ ಮಾಡುವವ. ವಿಜ್ಞಾನಿ ಅಲ್ಲ. ಆದರೆ ಈ ಪ್ರಶ್ನೆಯ ಬೆನ್ನು ಹಿಡಿದು ಓದುತ್ತಾ ಹೋದಾಗ ಒಂದು ವಿಷಯ ಸ್ಪಷ್ಟವಾಯಿತು. ಉತ್ತರ ಇರುವುದು ಬೂಷ್ಟು ಬೆಳೆಯುವ ಕ್ರಮದಲ್ಲಿ. ಅದು ಬೆಳೆಯುವುದು ಒಂದೇ ಜಾಗದಲ್ಲಿ, ಎಳೆಯ ತುದಿಯಲ್ಲಿ. ಆ ತುದಿ ಹೊರಗಿದ್ದಾಗ ನಮ್ಮ ಕೈಗೆ ಸಿಗುತ್ತದೆ. ಒಳಗೆ ಹೋದ ಮೇಲೆ ಸಿಗುವುದು ಕಷ್ಟ. ಇಷ್ಟು ತಿಳಿದರೆ ಯಾವ ಔಷಧಿ, ಯಾವಾಗ, ಯಾವ ರೋಗಕ್ಕೆ ಅಂತ ಲೆಕ್ಕ ಹಾಕುವುದು ಸುಲಭ.

ಎಳೆ ಎಂದರೆ ಏನು?

ಹಳಸಿದ ಇಡ್ಲಿಯ ಮೇಲೆ, ಒಣಗದ ಅಡಿಕೆಯ ಮೇಲೆ, ಗೊಬ್ಬರದ ಗುಂಡಿಯಲ್ಲಿ ಬಿಳಿ ಹತ್ತಿಯ ಹಾಗೆ ಕಾಣುವುದು ಸಾವಿರಾರು ಎಳೆಗಳ ಗೋಜಲು. ಒಂದೊಂದು ಎಳೆಯ ದಪ್ಪ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡರಿಂದ ಹತ್ತು ಪಾಲು. ನಮ್ಮ ತಲೆಕೂದಲಿನ ಹತ್ತನೇ ಒಂದು ಪಾಲೂ ಇಲ್ಲ ಅನ್ನಿ.

ಎಲ್ಲ ಆರಂಭವಾಗುವುದು ಒಂದು ಬೀಜಕಣದಿಂದ. ನೀರು ಸಿಕ್ಕಿದ ಕೂಡಲೇ ಅದು ಸುತ್ತಲೂ ಸಮನಾಗಿ ಉಬ್ಬುತ್ತದೆ, ನೆನೆ ಹಾಕಿದ ಕಡಲೆಯ ಹಾಗೆ. ಸ್ವಲ್ಪ ಹೊತ್ತಾದ ಮೇಲೆ ಉಬ್ಬುವುದು ನಿಂತು, ಗೋಡೆಯ ಒಂದು ಬಿಂದುವಿನಲ್ಲಿ ಮಾತ್ರ ಮೊಳಕೆ ಹೊರಡುತ್ತದೆ. ಅಲ್ಲಿಂದ ಮುಂದೆ ಬೆಳವಣಿಗೆ ಒಂದೇ ದಿಕ್ಕಿಗೆ. ಗುಂಡಗಿದ್ದದ್ದಕ್ಕೆ ಈಗ ಒಂದು ತಲೆ, ಒಂದು ಬಾಲ ಬಂತು. ಬೂಷ್ಟಿನ ಜೀವನದಲ್ಲಿ ಇದೇ ದೊಡ್ಡ ತೀರ್ಮಾನ.

ಎಳೆ ತುದಿಯಲ್ಲಿ ಮಾತ್ರ ಉದ್ದವಾಗುತ್ತದೆ ಎಂದು ಜರ್ಮನಿಯ ರೈನ್‌ಹಾರ್ಟ್ ಎಂಬವರು 1892ರಲ್ಲೇ ವಿವರಿಸಿದ್ದರು. ಬಸಳೆ ಬಳ್ಳಿಯೂ ತುದಿಯಲ್ಲಿ ಬೆಳೆಯುತ್ತದಲ್ಲ ಅಂತ ಕೇಳಬಹುದು. ಬಳ್ಳಿಯ ಕುಡಿಯಲ್ಲಿ ಸಾವಿರಾರು ಜೀವಕೋಶಗಳಿವೆ. ಕುಡಿಯ ಹಿಂದಿನ ಗೆಣ್ಣುಗಳೂ ಸ್ವಲ್ಪ ದಿನ ಹಿಗ್ಗುತ್ತವೆ. ಬೂಷ್ಟಿನಲ್ಲಿ ಹಾಗಲ್ಲ. ಕೊಟ್ಟಕೊನೆಯ ಗುಮ್ಮಟ ಮಾತ್ರ ಬೆಳೆಯುತ್ತದೆ. ಅದರ ಹಿಂದಿನ ಗೋಡೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗಿ, ಮತ್ತೆ ಉದ್ದ ಆಗುವುದಿಲ್ಲ.

ಇದನ್ನು ಮನೆಯಲ್ಲೇ ಸ್ವಲ್ಪ ಮಟ್ಟಿಗೆ ನೋಡಬಹುದು. ಒಂದು ಬ್ರೆಡ್ಡಿನ ತುಂಡನ್ನು ಒದ್ದೆ ಮಾಡಿ ಪಾರದರ್ಶಕ ಮುಚ್ಚಳದ ಡಬ್ಬಿಯಲ್ಲಿಡಿ. ಬೂಷ್ಟಿನ ಚುಕ್ಕೆ ಮೂಡಿದ ಮೇಲೆ, ಮುಚ್ಚಳದ ಮೇಲೆ ದಿನಾ ಅದರ ಅಂಚಿಗೆ ಸರಿಯಾಗಿ ಪೆನ್ನಿನಿಂದ ಗೆರೆ ಹಾಕಿ. ಗೆರೆಗಳು ಉಂಗುರದೊಳಗೆ ಉಂಗುರದಂತೆ ಆಗುತ್ತವೆ. ಮುಂದೆ ಹೋಗುವುದು ಅಂಚು ಮಾತ್ರ. ನಡುಭಾಗ ಬಣ್ಣ ತಿರುಗುತ್ತದೆ, ದಟ್ಟ ಆಗುತ್ತದೆ, ಅಲ್ಲೇ ಇರುತ್ತದೆ. ಡಬ್ಬಿಯ ಮುಚ್ಚಳ ತೆಗೆದು ಮೂಸಬೇಡಿ, ಬೀಜಕಣ ಶ್ವಾಸಕ್ಕೆ ಒಳ್ಳೆಯದಲ್ಲ. ನೋಡಿಯಾದ ಮೇಲೆ ಮಣ್ಣಲ್ಲಿ ಹೂತುಬಿಡಿ.

ವೇಗ ಎಷ್ಟು ಗೊತ್ತೇ? ಪ್ರಯೋಗಶಾಲೆಗಳಲ್ಲಿ ಬಹಳ ಬಳಕೆಯ ನ್ಯೂರೋಸ್ಪೋರಾ ಎಂಬ ಕಿತ್ತಳೆ ಬಣ್ಣದ ಬ್ರೆಡ್ ಬೂಷ್ಟು ಒಳ್ಳೆಯ ಆಹಾರ ಸಿಕ್ಕಿದರೆ ಗಂಟೆಗೆ ಸುಮಾರು 4 ಮಿಲಿಮೀಟರ್ ಓಡುತ್ತದೆ. ದಿನಕ್ಕೆ ಒಂದು ಗೇಣಿನ ಅರ್ಧಕ್ಕೆ ಹತ್ತಿರ!

ಸುರಂಗ ತೋಡುವವರ ಹಾಗೆ

ನಮ್ಮ ಕರಾವಳಿ ಗುಡ್ಡಗಳಲ್ಲಿ ನೀರಿಗಾಗಿ ಸುರಂಗ ತೋಡುವುದನ್ನು ನೋಡಿದವರಿಗೆ ಇದು ಬೇಗ ಅರ್ಥ ಆದೀತು. ಸುರಂಗದ ಕೆಲಸ ಎಲ್ಲ ನಡೆಯುವುದು ಮುಂದಿನ ಮುಖದಲ್ಲಿ. ಪಿಕ್ಕಾಸಿ ಹಿಡಿದವ ಎತ್ತ ತಿರುಗುತ್ತಾನೋ ಸುರಂಗವೂ ಅತ್ತ. ಹಿಂದೆ ತೋಡಿಯಾದದ್ದು ಮತ್ತೆ ಅಲುಗುವುದಿಲ್ಲ. ಅಲ್ಲಿ ಮಣ್ಣು ಒಳಗಿನಿಂದ ಹೊರಕ್ಕೆ ಬರುತ್ತದೆ. ಬೂಷ್ಟಿನ ಎಳೆಯಲ್ಲಿ ಸಾಮಾನು ಹಿಂದಿನಿಂದ ಮುಂದಕ್ಕೆ ಹೋಗುತ್ತದೆ. ಅಷ್ಟೇ ವ್ಯತ್ಯಾಸ.

ಏನು ಸಾಮಾನು? ಗೋಡೆ ಕಟ್ಟುವ ಸಾಮಾನು. ಬೂಷ್ಟಿನ ಗೋಡೆ ಮುಖ್ಯವಾಗಿ ಗ್ಲೂಕಾನ್ ಮತ್ತು ಕೈಟಿನ್ ಎಂಬ ವಸ್ತುಗಳಿಂದ ಆದದ್ದು. ಕೈಟಿನ್ ಅಂದರೆ ಸಿಗಡಿ, ಏಡಿಗಳ ಚಿಪ್ಪಿನಲ್ಲಿರುವ ಅದೇ ವಸ್ತು. ಇವನ್ನು ತಯಾರಿಸುವ ಕಿಣ್ವಗಳು ಅತಿ ಸಣ್ಣ ಪೊಟ್ಟಣಗಳಲ್ಲಿ ತುಂಬಿ ತುದಿಗೆ ಹೋಗುತ್ತವೆ. ಪೊಟ್ಟಣ ತುದಿಯ ಪೊರೆಗೆ ಅಂಟಿ ಒಡೆಯುತ್ತದೆ, ಒಳಗಿದ್ದದ್ದು ಗೋಡೆಯ ಕೆಲಸಕ್ಕೆ ಇಳಿಯುತ್ತದೆ. ವೇಗವಾಗಿ ಬೆಳೆಯುವ ನ್ಯೂರೋಸ್ಪೋರಾದ ಒಂದು ತುದಿಗೆ ನಿಮಿಷಕ್ಕೆ ಸುಮಾರು 38,000 ಪೊಟ್ಟಣ ಬಂದು ಸೇರುತ್ತವೆ ಎಂದು 1974ರಲ್ಲಿ ಅಂದಾಜು ಮಾಡಿದ್ದರು. ಒಂದೇ ಎಳೆಗೆ ಇಷ್ಟು!

ಇಷ್ಟೆಲ್ಲ ಹೊತ್ತು ತರುವುದಕ್ಕೆ ಒಳಗೆ ದಾರಿ ಬೇಕು. ಎರಡು ಬಗೆಯ ದಾರಿಗಳಿವೆ. ಒಂದು ಉದ್ದಕ್ಕೆ ಹಾಸಿದ ಟೊಳ್ಳು ನಳಿಗೆಗಳು. ಇವು ರೈಲುಹಳಿ ಇದ್ದ ಹಾಗೆ, ದೂರದ ಸಾಗಾಟಕ್ಕೆ. ಇನ್ನೊಂದು ತುದಿಯ ಹತ್ತಿರದ ಸಪೂರ ನಾರುಗಳು. ಇವು ಸ್ಟೇಷನ್ನಿನಿಂದ ಮನೆಗೆ ಬರುವ ಕಾಲುದಾರಿ. ಎರಡರ ಮೇಲೂ ಹೊರೆ ಹೊತ್ತು ನಡೆಯುವ ಪ್ರೋಟೀನುಗಳಿವೆ.

ತುದಿಯ ಹೊಸ ಗೋಡೆ ಮೆದು. ಎಳೆಯ ಒಳಗೆ ನೀರಿನ ಒತ್ತಡ ಯಾವಾಗಲೂ ಇರುತ್ತದೆ. ಮೆದು ಇರುವ ಜಾಗ ಆ ಒತ್ತಡಕ್ಕೆ ಮುಂದಕ್ಕೆ ಉಬ್ಬುತ್ತದೆ. ಹಿಂದಿನ ಗೋಡೆಯಲ್ಲಿ ಕೈಟಿನ್ ಮತ್ತು ಗ್ಲೂಕಾನ್ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗಿರುವುದರಿಂದ ಪಕ್ಕಕ್ಕೆ ಉಬ್ಬುವುದಿಲ್ಲ. ಹೀಗೆ ಕೊಳವೆ ಕೊಳವೆಯಾಗಿಯೇ ಉಳಿಯುತ್ತದೆ.

ತುದಿಯ ಮೇಸ್ತ್ರಿ

ತುದಿಗೆ ಬಂದ ಪೊಟ್ಟಣಗಳು ನೇರ ಗೋಡೆಗೆ ಹೋಗುವುದಿಲ್ಲ. ಮೊದಲು ಗುಮ್ಮಟದ ಒಳಗೆ ಒಂದು ಗುಂಪಾಗಿ ಸೇರುತ್ತವೆ. ಬಣ್ಣ ಹಾಕಿ ನೋಡಿದಾಗ ಕಂಡ ಈ ಗಂಟನ್ನು 1924ರಲ್ಲಿ ಬ್ರುನ್ಸ್‌ವಿಕ್ ಎಂಬ ವಿಜ್ಞಾನಿ ಸ್ಪಿಟ್ಸೆನ್‌ಕ್ಯೋರ್ಪರ್ ಎಂದು ಕರೆದರು. ಜರ್ಮನ್ ಮಾತು, ತುದಿಯ ಕಾಯ ಅಂತ ಅರ್ಥ. 1957ರಲ್ಲಿ ಗಿರ್‌ಬಾರ್ಟ್ ಎಂಬವರು ಜೀವಂತ ಎಳೆಯಲ್ಲೇ ಇದನ್ನು ನೋಡಿದರು. ಎಳೆ ಎಡಕ್ಕೆ ತಿರುಗುವ ಮೊದಲು ಈ ಗಂಟು ಎಡಕ್ಕೆ ಸರಿಯುತ್ತದೆ. ಬೆಳವಣಿಗೆ ನಿಂತರೆ ಗಂಟು ಮಾಯ.

1989ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಾರ್ಟ್‌ನಿಕಿ-ಗಾರ್ಸಿಯಾ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಒಂದು ಲೆಕ್ಕ ಮಾಡಿ ನೋಡಿದರು. ಒಂದು ಬಿಂದುವಿನಿಂದ ಎಲ್ಲ ಕಡೆಗೂ ಪೊಟ್ಟಣ ಹಂಚಿದರೆ ಆಕಾರ ಗುಂಡಗೆ ಬರುತ್ತದೆ. ಅದೇ ಬಿಂದು ನೇರ ಮುಂದೆ ಸಾಗುತ್ತಾ ಹಂಚಿದರೆ ಥೇಟ್ ಬೂಷ್ಟಿನ ಎಳೆಯ ಆಕಾರವೇ ಬಂತು. ಗಂಟೇ ಆ ಹಂಚುವ ಕೇಂದ್ರ. ಕಲ್ಲು ಕಟ್ಟುವಲ್ಲಿ ಮೇಸ್ತ್ರಿ ನಿಂತ ಜಾಗಕ್ಕೇ ಸಾಮಾನು ಬರುತ್ತದಲ್ಲ, ಹಾಗೆ.

ಆದರೆ ಮೇಸ್ತ್ರಿ ಎಲ್ಲಿ ನಿಲ್ಲಬೇಕು ಅಂತ ಹೇಳುವವರು ಯಾರು? ಪೊರೆಯ ಒಳಮೈಯಲ್ಲಿ ಗುರುತು ಹಾಕುವ ಪ್ರೋಟೀನುಗಳಿವೆ. ಇವುಗಳಲ್ಲಿ ಮುಖ್ಯವಾದದ್ದಕ್ಕೆ ಸಿಡಿಸಿ-42 ಅಂತ ಹೆಸರು. ಮೊದಲು ಗೊತ್ತಾದದ್ದು ಯೀಸ್ಟಿನಲ್ಲಿ. ಅದರ ಸೋದರ ಪ್ರೋಟೀನು ನಮ್ಮ ನಿಮ್ಮ ಜೀವಕೋಶಗಳಲ್ಲೂ ಇದೆ. ಅದು ಚುರುಕಾಗಿ ಒಂದು ಜಾಗದಲ್ಲಿ ಗುಂಪುಗೂಡಿದರೆ, ಅಲ್ಲಿಗೆ ನಾರುದಾರಿ ಕಟ್ಟಲ್ಪಡುತ್ತದೆ, ಪೊಟ್ಟಣ ಬರುತ್ತದೆ. ರೈಲುಹಳಿಗಳು ಇನ್ನೊಂದು ಬಗೆಯ ಗುರುತಿನ ಪ್ರೋಟೀನನ್ನು ತಂದು ತುದಿಯ ನಟ್ಟನಡುವೆ ಇಳಿಸುತ್ತವೆ. ಆಸ್ಪರ್ಜಿಲಸ್ ಎಂಬ ಬೂಷ್ಟಿನಲ್ಲಿ ಈ ಗುರುತನ್ನು ಇಲ್ಲದಂತೆ ಮಾಡಿದಾಗ ಎಳೆ ಬೆಳೆಯುವುದು ನಿಲ್ಲಲಿಲ್ಲ, ಆದರೆ ನೆಟ್ಟಗೆ ಹೋಗದೆ ಅಂಕುಡೊಂಕಾಯಿತು. 2017ರಲ್ಲಿ ಜರ್ಮನಿ ಮತ್ತು ಜಪಾನಿನವರು ಅದೇ ಬೂಷ್ಟಿನಲ್ಲಿ ಇನ್ನೊಂದು ವಿಷಯ ಕಂಡರು. ಎಳೆ ಒಂದೇ ಸಮನೆ ಮುಂದೆ ಹೋಗುವುದಿಲ್ಲ. ತುದಿಯೊಳಗೆ ಕ್ಯಾಲ್ಸಿಯಂ ಏರಿ ಇಳಿಯುವ ತಾಳಕ್ಕೆ ಸರಿಯಾಗಿ, ದಮ್ಮು ಕಟ್ಟಿ ಕಟ್ಟಿ ಮುಂದೊತ್ತುತ್ತದೆ.

ಹಾಗಾದರೆ ತುದಿ ಕತ್ತರಿಸಿದರೆ ಮುಗಿಯಿತೇ? ಇಲ್ಲ. ಅನೇಕ ಬೂಷ್ಟುಗಳಲ್ಲಿ ಎಳೆಯ ನಡುನಡುವೆ ತೂತಿರುವ ಅಡ್ಡಗೋಡೆಗಳಿವೆ. ಎಳೆ ತುಂಡಾದರೆ ಆ ತೂತಿಗೆ ಒಳಗಿನಿಂದ ಬಿರಡೆ ಬಂದು ಕೂರುತ್ತದೆ. ಉಳಿದ ಭಾಗ ಪಕ್ಕದಲ್ಲಿ ಹೊಸ ಗುರುತು ಹಾಕಿ ಹೊಸ ತುದಿ ಹೊರಡಿಸುತ್ತದೆ. ರೋಗದ ಬುಡವನ್ನು ಬರೇ ಕೆತ್ತಿ ಬಿಟ್ಟರೆ ಪ್ರಯೋಜನ ಕಾಣದಿರುವುದಕ್ಕೆ ಇದೂ ಒಂದು ಕಾರಣ.

ಗದ್ದೆಯ ಬೆಂಕಿರೋಗ: 80 ಪಟ್ಟು ಒತ್ತಡ

ಈಗ ಇದೆಲ್ಲ ನಮ್ಮ ಬೆಳೆಯಲ್ಲಿ ಹೇಗೆ ಕೆಲಸ ಮಾಡುತ್ತದೆ ನೋಡುವ. ಮೊದಲು ಭತ್ತ. ಕೊಡಗಿನ ಪೊನ್ನಂಪೇಟೆ, ಚಿಕ್ಕಮಗಳೂರಿನ ಮೂಡಿಗೆರೆ ಕಡೆಯ ಗದ್ದೆಯವರಿಗೆ ಬೆಂಕಿರೋಗದ ಪರಿಚಯ ಮಾಡಿಕೊಡಬೇಕಾಗಿಲ್ಲ.

ಇದರ ಬೀಜಕಣ ಒದ್ದೆ ಎಲೆಗೆ ಅಂಟಿನಿಂದ ಕಚ್ಚಿಕೊಂಡು ಎರಡು ಮೂರು ಗಂಟೆಯೊಳಗೆ ಮೊಳೆಯುತ್ತದೆ. ಮೊಳಕೆಯ ಎಳೆ ಸ್ವಲ್ಪವೇ ಮುಂದೆ ಹೋಗಿ, ಎಲೆಯ ಗಡುಸು ಮೈಯನ್ನು ಗುರುತಿಸಿದ ಕೂಡಲೇ ಓಟ ನಿಲ್ಲಿಸುತ್ತದೆ. ತುದಿ ಬಾಗಿ, ಉಬ್ಬಿ, ಎಲೆಗೆ ಕವುಚಿದ ಗೆರಟೆಯ ಹಾಗೆ ಆಗುತ್ತದೆ. ಅದರ ಗೋಡೆಗೆ ಮೆಲನಿನ್ ಎಂಬ ಕಪ್ಪು ಲೇಪ ಬೀಳುತ್ತದೆ. ಒಳಗೆ ಗ್ಲಿಸರಾಲ್ ತುಂಬುತ್ತದೆ. ಗ್ಲಿಸರಾಲ್ ನೀರನ್ನು ಎಳೆಯುತ್ತದೆ, ಲೇಪ ಇರುವುದರಿಂದ ಗ್ಲಿಸರಾಲ್ ಹೊರಗೆ ಸೋರುವುದಿಲ್ಲ. ಒತ್ತಡ ಏರುತ್ತಾ ಏರುತ್ತಾ ವಾಯುಭಾರದ ಸುಮಾರು 80 ಪಟ್ಟು ತಲುಪುತ್ತದೆ. ಕಾರಿನ ಟಯರಿನ ಗಾಳಿಯ ಒತ್ತಡದ 35-40 ಪಟ್ಟು ಅನ್ನಿ.

ಆಮೇಲೆ ಗೆರಟೆಯ ಅಡಿಯಲ್ಲಿ, ಒಂದೇ ಬಿಂದುವಿನಲ್ಲಿ, ಮತ್ತೆ ಗುರುತು ಹಾಕಿಕೊಳ್ಳುತ್ತದೆ. ಸೆಪ್ಟಿನ್ ಎಂಬ ಪ್ರೋಟೀನಿನ ಉಂಗುರ ಆ ಬಿಂದುವಿನ ಸುತ್ತ ಕೂತು ಅದನ್ನು ಬಿಗಿ ಮಾಡುತ್ತದೆ. ಇದು ಗೊತ್ತಾದದ್ದು 2012ರಲ್ಲಿ. ಅಲ್ಲಿಂದ ಸಪೂರ ಮೊಳೆಯೊಂದು ಎಲೆಯ ಮೈಯನ್ನು ಚುಚ್ಚಿ ಒಳಗೆ ಹೋಗುತ್ತದೆ. ಬೀಜಕಣ ಬಿದ್ದಲ್ಲಿಂದ ಇಲ್ಲಿಯವರೆಗೆ ಸುಮಾರು ಒಂದು ಹಗಲು ಒಂದು ರಾತ್ರಿ. ನಮ್ಮ ಕಣ್ಣಿಗೆ ಕದಿರಿನಾಕಾರದ ಚುಕ್ಕೆ ಕಾಣುವುದು ಅದಾಗಿ ಕೆಲವು ದಿನಗಳ ನಂತರ. ಚುಕ್ಕೆ ನೋಡಿ ಪಂಪು ಹೆಗಲಿಗೇರಿಸಿದರೆ, ಆ ಚುಕ್ಕೆಯ ಮಟ್ಟಿಗೆ ನಾವು ತಡ. ಮುಂದಿನ ಎಲೆಗಳಿಗೆ, ಕುತ್ತಿಗೆಗೆ ಹರಡುವುದನ್ನು ತಡೆಯಬಹುದು ಅಷ್ಟೆ.

ಬೆಂಕಿರೋಗಕ್ಕೆಂದೇ ಬಂದ ಟ್ರೈಸೈಕ್ಲಝೋಲ್ ಎಂಬ ಔಷಧಿ ಬೂಷ್ಟನ್ನು ಕೊಲ್ಲುವುದಿಲ್ಲ. ಕಪ್ಪು ಲೇಪ ತಯಾರಾಗದಂತೆ ಮಾಡುತ್ತದೆ. ಲೇಪ ಇಲ್ಲದಿದ್ದರೆ ಚುಚ್ಚುವಷ್ಟು ಒತ್ತಡ ನಿಲ್ಲುವುದಿಲ್ಲ. ಅಂದ ಮೇಲೆ ಅದು ಚುಚ್ಚುವ ಮೊದಲು ಎಲೆಯಲ್ಲಿರಬೇಕು ಎಂಬುದು ಹೇಳದೆಯೇ ಅರ್ಥ ಆಗುತ್ತದೆ. ಯೂರಿಯಾ ಅತಿಯಾಗಿ ಸುರಿದ ಗದ್ದೆಯಲ್ಲಿ ಬೆಂಕಿರೋಗ ಜಾಸ್ತಿ ಎಂಬುದನ್ನೂ ಜತೆಗೇ ನೆನಪಿಡಿ. ದುಡ್ಡು ಖರ್ಚಿಲ್ಲದ ಮದ್ದು ಅದು.

ಬಾಗಿಲು ಹುಡುಕುವ ತುಕ್ಕು

ಎಲ್ಲ ಬೂಷ್ಟೂ ಗೋಡೆ ಒಡೆಯುವುದಿಲ್ಲ. ತುಕ್ಕುರೋಗದವು ಹೆಚ್ಚಾಗಿ ಎಲೆಯ ಉಸಿರುಬಾಯಿ ಹುಡುಕಿ ನುಗ್ಗುತ್ತವೆ. ಕಣ್ಣಿಲ್ಲದ ತುದಿಗೆ ಬಾಯಿ ಎಲ್ಲಿದೆ ಅಂತ ಗೊತ್ತಾಗುವುದು ಹೇಗೆ? ಬೀನ್ಸಿನ ತುಕ್ಕಿನ ಮೇಲೆ ಅಮೆರಿಕದಲ್ಲಿ ನಡೆದ ಪ್ರಯೋಗ 1987ರಲ್ಲಿ ಪ್ರಕಟವಾಯಿತು. ಎಲೆಯೇ ಇಲ್ಲ, ಪ್ಲಾಸ್ಟಿಕ್ಕಿನ ಮೇಲೆ ಸಣ್ಣ ದಿಣ್ಣೆಗಳನ್ನು ಮಾಡಿಟ್ಟರು. ದಿಣ್ಣೆಯ ಎತ್ತರ ಅರ್ಧ ಮೈಕ್ರಾನ್ ಇದ್ದಾಗ, ಅಂದರೆ ಮಿಲಿಮೀಟರಿನ ಎರಡು ಸಾವಿರದಲ್ಲಿ ಒಂದು ಪಾಲು ಇದ್ದಾಗ, ಎಳೆಯ ತುದಿ ಅಲ್ಲೇ ನಿಂತು ನುಗ್ಗುವ ತಯಾರಿ ಮಾಡಿತು. ಉಸಿರುಬಾಯಿಯ ತುಟಿಯ ಎತ್ತರವೂ ಸುಮಾರು ಅಷ್ಟೇ. ತಡವಿ ನೋಡಿ ಬಾಗಿಲು ಗುರುತು ಹಿಡಿಯುವ ಕಳ್ಳ!

ಕಾಫಿಯ ಎಲೆತುಕ್ಕು ಕೂಡ ಉಸಿರುಬಾಯಿಯಿಂದಲೇ ಒಳಗೆ ಹೋಗುವುದು. ಕಾಫಿ ಎಲೆಗೆ ಉಸಿರುಬಾಯಿಗಳಿರುವುದು ಅಡಿಭಾಗದಲ್ಲಿ ಮಾತ್ರ. ಆದ್ದರಿಂದ ಮೇಲಿನಿಂದ ಎಷ್ಟು ಚೆಂದ ನೀಲಿ ಬಣ್ಣ ಬಳಿದರೂ, ಅಡಿಗೆ ಬೋರ್ಡೋ ತಾಗದಿದ್ದರೆ ಕಾವಲು ಇಲ್ಲದ ಬಾಗಿಲು ಬಿಟ್ಟ ಹಾಗೆ.

ಕೊಳೆರೋಗ: ಬೂಷ್ಟಿನ ವೇಷದವ

ಅಡಿಕೆಯ ಕೊಳೆರೋಗದ ಫೈಟೋಫ್ತೋರಾ ನಿಜವಾದ ಬೂಷ್ಟಲ್ಲ. ಎಳೆಯ ರೂಪ ಅದೇ, ತುದಿಯಲ್ಲಿ ಬೆಳೆಯುವ ಕ್ರಮವೂ ಅದೇ. ಆದರೆ ವಂಶದಲ್ಲಿ ಅದು ಕಂದು ಪಾಚಿಗಳ ಸಂಬಂಧಿ. ಗೋಡೆಯಲ್ಲಿ ಕೈಟಿನ್ ಮುಖ್ಯವಲ್ಲ, ಗಿಡಗಳಂತೆ ಸೆಲ್ಯುಲೋಸ್ ಇದೆ. ಬೇರೆ ಬೇರೆ ದಾರಿಯಲ್ಲಿ ಬಂದ ಎರಡು ಜೀವಿಗಳು ತುದಿಯಲ್ಲಿ ಬೆಳೆಯುವ ಉಪಾಯವನ್ನು ಬೇರೆ ಬೇರೆಯಾಗಿಯೇ ಕಂಡುಕೊಂಡವು.

ಇದು ನಮಗೆ ಯಾಕೆ ಬೇಕು ಅಂದರೆ, ಕಿಸೆಗೆ ಸಂಬಂಧ ಇದೆ. ಅಂಗಡಿಯಲ್ಲಿ ಬೂಷ್ಟುನಾಶಕ ಅಂತ ಸುಲಭವಾಗಿ ಸಿಗುವ ಕಾರ್ಬೆಂಡಜಿಮ್ ನಿಜವಾದ ಬೂಷ್ಟಿನ ರೈಲುಹಳಿಗೆ ಅಂಟಿ, ಹಳಿ ಕಟ್ಟದಂತೆ ಮಾಡುತ್ತದೆ. ಇದೇ ಗುಂಪಿನ ಬೆನೋಮಿಲ್ ಬಳಸಿ 1978ರಲ್ಲಿ ಅಮೆರಿಕದ ರಾನ್ ಮಾರಿಸ್ ಮತ್ತು ಸಂಗಡಿಗರು ಆಸ್ಪರ್ಜಿಲಸ್‌ನಲ್ಲಿ ಹಳಿಯ ಪ್ರೋಟೀನಿನ ಜೀನನ್ನು ಪತ್ತೆ ಮಾಡಿದ್ದರು. ತೋಟದ ಔಷಧಿ ವಿಜ್ಞಾನಕ್ಕೆ ಉಪಕಾರ ಮಾಡಿದ ಅಪರೂಪದ ಉದಾಹರಣೆ ಅದು. ಆದರೆ ಕಾರ್ಬೆಂಡಜಿಮ್ ಫೈಟೋಫ್ತೋರಾಗೆ ನಾಟುವುದಿಲ್ಲ. ಕೊಳೆರೋಗಕ್ಕೆ ಅಂತ ಅದನ್ನು ತಂದು ಹೊಡೆದರೆ ಮಳೆನೀರಿಗೆ ದುಡ್ಡು ಬಿಟ್ಟ ಹಾಗೆ. ನಿಜವಾದ ಬೂಷ್ಟಿನಲ್ಲೂ ಹಳಿಯ ಪ್ರೋಟೀನಿನಲ್ಲಿ ಒಂದೇ ಒಂದು ಸಣ್ಣ ಬದಲಾವಣೆ ಆದರೆ ಸಾಕು, ಔಷಧಿ ಅಂಟುವುದಿಲ್ಲ. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದಲ್ಲಿ ಅಂಥ ಬೂಷ್ಟೇ ಉಳಿದು ಹೆಚ್ಚುತ್ತದೆ.

ಕೊಳೆರೋಗದ ಜೀವಿ ಹರಡುವುದು ನೀರಿನಲ್ಲಿ ಈಜುವ ಕಣಗಳಿಂದ. ಒಂದೊಂದಕ್ಕೂ ಎರಡು ಬಾಲ. ಕಾಯಿಯ ಮೇಲಿನ ನೀರಿನ ಪೊರೆಯಲ್ಲಿ ಈಜಿ, ಒಂದು ಕಡೆ ಕೂತು, ಬಾಲ ಕಳಚಿ, ಗುಂಡಗಾಗಿ, ಗೋಡೆ ಕಟ್ಟಿಕೊಂಡು ಮೊಳಕೆ ಬಿಡುತ್ತದೆ. ಇದಕ್ಕೆಲ್ಲ ಕೆಲವು ಗಂಟೆ ಸಾಕು. ಮೊಳಕೆಯ ತುದಿ ಕಾಯಿಯ ಒಳಗೆ ಹೊಕ್ಕಿತೋ, ಅದು ಈಗ ಚಿಪ್ಪಿನೊಳಗೆ ಮನೆ ಮಾಡಿದ ಹಾಗೆ.

ಬೋರ್ಡೋ ದ್ರಾವಣದ ತಾಮ್ರ ಕಾಯಿಯ ಒಳಗೆ ಇಳಿಯುವುದಿಲ್ಲ. ಮೈಮೇಲೆ ಲೇಪವಾಗಿ ಕೂತು ಮಳೆನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಈಜುವ ಕಣವೂ ಎಳೆ ಮೊಳಕೆಯೂ ಆ ತಾಮ್ರಕ್ಕೆ ಸಾಯುತ್ತವೆ. ಒಳಗೆ ಹೋದ ತುದಿಗೆ ಏನೂ ಆಗುವುದಿಲ್ಲ. ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಬೋರ್ಡೋ ಕಾವಲುಗಾರ, ವೈದ್ಯ ಅಲ್ಲ. ಕಳ್ಳ ಒಳಗೆ ಬಂದ ಮೇಲೆ ಗೇಟಿಗೆ ಕಾವಲು ಇಟ್ಟು ಏನು ಮಾಡುವುದು?

ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದಿದ್ದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಬೋರ್ಡೋ ಸಿಂಪಡಣೆ ನಮ್ಮ ತೋಟಗಳಲ್ಲಿ ನೆಲೆಯೂರಿದ್ದು ಆ ಕಾಲದ ಕೆಲಸದಿಂದ. ಅದಕ್ಕೂ ಮೊದಲೇ ನಮ್ಮ ಹಿರಿಯರು ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಈಜುವ ಕಣದ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಆದರೆ ಕಾಯಿ ಒದ್ದೆಯಾಗದಿದ್ದರೆ ಕೊಳೆ ಬರುವುದಿಲ್ಲ ಎಂಬುದು ಗೊತ್ತಿತ್ತು. ನೀರಿನ ಪೊರೆಯೇ ಇಲ್ಲದ ಮೇಲೆ ಈಜುವುದೆಲ್ಲಿ, ಮೊಳೆಯುವುದೆಲ್ಲಿ?

ಶೇಕಡಾ 1ರ ಬೋರ್ಡೋ ಎಲ್ಲರಿಗೂ ಗೊತ್ತಿದ್ದದ್ದೇ: ಮೈಲುತುತ್ತು 1 ಕಿಲೋ, ಒಳ್ಳೆಯ ಸುಣ್ಣ 1 ಕಿಲೋ, ನೀರು 100 ಲೀಟರ್. ಮಾಡಿದ ದಿನವೇ ಮುಗಿಸಬೇಕು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲು, ಎರಡನೆಯದು 40-45 ದಿನಕ್ಕೆ. ಎರಡನೆಯದು ಯಾಕೆ? ಮಳೆಗೆ ಲೇಪ ತೊಳೆದು ಹೋಗುತ್ತದೆ ಎಂಬುದು ಒಂದು. ಅಷ್ಟರಲ್ಲಿ ಕಾಯಿ ದೊಡ್ಡದಾಗಿ ಲೇಪ ಇಲ್ಲದ ಹೊಸ ಮೈ ಬಂದಿರುತ್ತದೆ ಎಂಬುದು ಇನ್ನೊಂದು.

ಒಳಗೆ ಇಳಿಯುವ ಔಷಧಿಗಳೂ ಇವೆ. ಮೆಟಲಾಕ್ಸಿಲ್ ಫೈಟೋಫ್ತೋರಾದ ಬೆಳವಣಿಗೆಗೆ ಬೇಕಾದ ಆರ್‌ಎನ್‌ಎ ತಯಾರಾಗದಂತೆ ಮಾಡುತ್ತದೆ. ಮ್ಯಾಂಡಿಪ್ರೊಪಾಮಿಡ್ ಸೆಲ್ಯುಲೋಸ್ ಗೋಡೆ ಕಟ್ಟುವ ಕಿಣ್ವಕ್ಕೇ ಅಡ್ಡಗಾಲು ಹಾಕುತ್ತದೆ. ತುದಿಗೆ ಗೋಡೆ ಕಟ್ಟಲಾಗದಿದ್ದರೆ ಬೆಳವಣಿಗೆ ಇಲ್ಲ. ಇಂಥವನ್ನು ಬಳಸುವುದಿದ್ದರೆ ಅಳತೆ, ಕಾಲ, ಅನುಮತಿ ಎಲ್ಲ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಯೇ ಮುಂದುವರಿಯಿರಿ. ಇವು ಬೋರ್ಡೋದ ಬದಲಿಗೆ ದಿನಾ ಹೊಡೆಯುವ ನೀರಲ್ಲ.

ಮಣ್ಣಿನೊಳಗಿನ ತುದಿಗಳು

ಮಣ್ಣಿನೊಳಗೆ ತುದಿಗೆ ದಾರಿ ತೋರಿಸುವುದು ವಾಸನೆ, ಅಂದರೆ ಬೇರು ಬಿಡುವ ರಸಗಳು. ಸೊರಗು ರೋಗದ ಫ್ಯುಸೇರಿಯಂ, ಟೊಮೆಟೊ ಬೇರು ಹೊರಬಿಡುವ ಪೆರಾಕ್ಸಿಡೇಸ್ ಎಂಬ ಕಿಣ್ವದ ಜಾಡು ಹಿಡಿದು ತುದಿ ತಿರುಗಿಸುತ್ತದೆ ಎಂದು 2015ರಲ್ಲಿ ತೋರಿಸಿದ್ದಾರೆ.

ಮಿತ್ರರೂ ಇದೇ ದಾರಿಯಲ್ಲಿ ಬರುತ್ತಾರೆ. ಬೇರಿನೊಂದಿಗೆ ಕೂಡಿ ಬಾಳುವ ಮೈಕೊರೈಝಾ ಬೂಷ್ಟು ಗಿಡಕ್ಕೆ ರಂಜಕ ತಂದುಕೊಟ್ಟು ಸಕ್ಕರೆ ಪಡೆಯುತ್ತದೆ. ಬೇರು ಬಿಡುವ ಸ್ಟ್ರೈಗೋಲ್ಯಾಕ್ಟೋನ್ ಎಂಬ ವಸ್ತು ಸಿಕ್ಕಿದ ಕೂಡಲೇ ಅದರ ಎಳೆ ಕವಲೊಡೆಯುತ್ತದೆ, ಒಂದು ತುದಿ ಹತ್ತು ತುದಿ ಆಗುತ್ತದೆ. ಜಪಾನಿನವರು 2005ರಲ್ಲಿ ಇದನ್ನು ಕಂಡುಹಿಡಿದರು. ರಂಜಕದ ಕೊರತೆ ಇರುವ ಬೇರು ಈ ಕರೆಯನ್ನು ಜೋರಾಗಿ ಕೊಡುತ್ತದೆ. ರಂಜಕದ ಗೊಬ್ಬರ ಬೇಕಾಬಿಟ್ಟಿ ಸುರಿದ ಬುಡದಲ್ಲಿ ಕರೆ ಕ್ಷೀಣ, ಮಿತ್ರನೂ ಕಡಿಮೆ. ಮಣ್ಣು ಪರೀಕ್ಷೆ ಮಾಡಿಸಿ ಹಾಕಿ ಎನ್ನುವುದು ಬರೇ ಉಳಿತಾಯದ ಮಾತಲ್ಲ.

ಟ್ರೈಕೋಡರ್ಮಾ ಇನ್ನೊಂದು ಬೂಷ್ಟಿನ ಎಳೆಯ ಕಡೆಗೆ ಬೆಳೆದು, ಅದಕ್ಕೆ ಕಾಳುಮೆಣಸಿನ ಬಳ್ಳಿಯ ಹಾಗೆ ಸುತ್ತಿಕೊಂಡು, ಕೈಟಿನ್ ಗೋಡೆಯನ್ನು ಕರಗಿಸಿ ತಿನ್ನುತ್ತದೆ. ಅಮೆರಿಕದಲ್ಲಿ ವೈಂಡ್ಲಿಂಗ್ ಎಂಬವರು 1932ರಲ್ಲೇ ಇದನ್ನು ಬರೆದಿದ್ದಾರೆ. ಟ್ರೈಕೋಡರ್ಮಾ ಕೂಡ ನಿಜವಾದ ಬೂಷ್ಟು ಎಂಬುದನ್ನು ಮರೆಯಬಾರದು. ಅದನ್ನು ಬೇವಿನ ಹಿಂಡಿ, ಹಟ್ಟಿಗೊಬ್ಬರದಲ್ಲಿ ಬೆಳೆಸಿ ಬುಡಕ್ಕೆ ಹಾಕಿ, ಮೇಲಿನಿಂದ ಕಾರ್ಬೆಂಡಜಿಮ್ ಸುರಿದರೆ ನಮ್ಮ ನಾಯಿಗೆ ನಾವೇ ವಿಷ ಇಟ್ಟ ಹಾಗೆ. ಅದರ ರೈಲುಹಳಿಯೂ ಕೀಳುತ್ತದೆ.

ಅಡಿಕೆ, ತೆಂಗಿನ ಅಣಬೆ ರೋಗದ ಗ್ಯಾನೊಡರ್ಮಾ ನಿಧಾನದ ಪ್ರಯಾಣಿಕ. ಸತ್ತ ಬೊಡ್ಡೆಯನ್ನು ತಿಂದು ಶಕ್ತಿ ಕೂಡಿಸಿ, ಬೇರಿನಿಂದ ಬೇರಿಗೆ ದಾಟಿ ಪಕ್ಕದ ಮರಕ್ಕೆ ಹೋಗುತ್ತದೆ. ತುದಿ ಎಷ್ಟು ದೂರ ಹೋಗಬಹುದು ಎಂಬುದು ಹಿಂದಿನಿಂದ ಬರುವ ಸಾಮಾನನ್ನು ಹೊಂದಿಕೊಂಡಿದೆ. ಆದ್ದರಿಂದ ರೋಗದ ಮರದ ಸುತ್ತ ಎರಡಡಿ ಅಗಲ, ಎರಡರಿಂದ ಮೂರಡಿ ಆಳದ ಕಣಿ ತೆಗೆದು ಬೇರಿನ ಸೇತುವೆ ಕಡಿಯುವುದು, ಸತ್ತ ಮರದ ಬೊಡ್ಡೆಯನ್ನು ಬೇರುಸಹಿತ ಕಿತ್ತು ಸುಡುವುದು, ಎರಡೂ ಬೇಕು. ಕಣಿ ತೆಗೆದು ಬೊಡ್ಡೆ ಬಿಟ್ಟರೆ ಉಗ್ರಾಣ ಒಳಗೇ ಉಳಿಯಿತು. ಬೊಡ್ಡೆ ಕಿತ್ತು ಬೇರು ಬಿಟ್ಟರೆ ದಾರಿ ಉಳಿಯಿತು.

ಲೆಕ್ಕ ಇಷ್ಟೇ

ಯಾವುದೇ ಬೂಷ್ಟುರೋಗಕ್ಕೆ ಖರ್ಚು ಮಾಡುವ ಮೊದಲು ನಾನು ಈಗ ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ನಿಜವಾದ ಬೂಷ್ಟೋ, ಫೈಟೋಫ್ತೋರಾ ಜಾತಿಯದ್ದೋ? ತುದಿ ಈಗ ಹೊರಗಿದೆಯೋ, ಒಳಗೆ ಹೋಗಿದೆಯೋ? ನಾನು ತರುವ ಔಷಧಿ ಮೈಮೇಲೆ ನಿಲ್ಲುವುದೋ, ಒಳಗೆ ಇಳಿಯುವುದೋ? ತುದಿ ಒಳಗೆ ಹೋಗುವ ಜಾಗಕ್ಕೆ, ಅಂದರೆ ಎಲೆಯ ಅಡಿಗೋ ಕಾಯಿಯ ತೊಟ್ಟಿಗೋ ಬೇರಿಗೋ, ಅದು ತಲುಪುತ್ತದೆಯೋ?

ಈ ನಾಲ್ಕಕ್ಕೂ ಉತ್ತರ ಸರಿ ಇದ್ದರೆ ಮಾತ್ರ ಡಬ್ಬಿ ಮನೆಗೆ ಬರಲಿ. ಮೇ ತಿಂಗಳ ಪ್ರಶ್ನೆ ಕೇಳುವವರಿಗೂ ಇದನ್ನೇ ಹೇಳಬಹುದು. ಕಾಯಿಯ ಮೇಲೆ ನೀರಿನಲ್ಲಿ ನೆನೆದ ಹಾಗಿನ ಕಲೆ ಕಾಣುವ ಹೊತ್ತಿಗೆ ತುದಿ ಎಂದೋ ಒಳಗೆ ಹೋಗಿಯಾಗಿದೆ. ಆಗ ಉಳಿಯುವ ಕೆಲಸ, ಉದುರಿದ ಕೊಳೆಕಾಯಿ ಹೆಕ್ಕಿ ತೋಟದಿಂದ ಹೊರಗೆ ಸಾಗಿಸಿ ಸುಡುವುದು, ಉಳಿದ ಗೊನೆಗಳನ್ನು ಕಾಯುವುದು. ಈ ಸಲ ಮೈಲುತುತ್ತು, ಸುಣ್ಣ ತಂದಿಟ್ಟುಕೊಂಡು, ಮರ ಹತ್ತುವವರಿಗೆ ಈಗಲೇ ಹೇಳಿಡಿ. ಮೊದಲ ಮಳೆ ಯಾರಿಗೂ ಕಾಯುವುದಿಲ್ಲ.